ಒಂದೇ ತರಗತಿ, ಹಲವು ಮೆಟ್ಟಿಲು

ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಭಾನುವಾರ ಮತ್ತು ರಜೆಯ ದಿನಗಳಲ್ಲಿ ನೋವಿನ ಸುಳಿವೇ ಇಲ್ಲ. ವೈದ್ಯರು ಹೊಟ್ಟೆ ಒತ್ತಿ ನೋಡುತ್ತಾರೆ, ಮಲ-ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ಎಲ್ಲವೂ ಸರಿಯಾಗಿಯೇ ಇದೆ. ಇನ್ನು ಕೆಲವು ಮಕ್ಕಳಿಗೆ ತಲೆನೋವು, ಕೆಲವರಿಗೆ ವಾಂತಿ. ಹಾಸಿಗೆ ಒದ್ದೆ ಮಾಡುವುದನ್ನು ಎಂದೋ ಬಿಟ್ಟಿದ್ದ ಮಗು ಮತ್ತೆ ಶುರು ಮಾಡುತ್ತದೆ. ‘ಶಾಲೆ ತಪ್ಪಿಸಲು ಇವನ ನಾಟಕ’ ಎಂದು ಅಪ್ಪ ಗದರುತ್ತಾರೆ. ‘ಯಾರದೋ ದೃಷ್ಟಿ ತಾಗಿದೆ’ ಎಂದು ಅಜ್ಜಿ ನಿವಾಳಿಸುತ್ತಾರೆ.

ಈ ನೋವು ನಾಟಕವಲ್ಲ. ಮನಸ್ಸಿನ ಆತಂಕ ಮಕ್ಕಳಲ್ಲಿ ದೇಹದ ಮೂಲಕವೇ ಹೊರಬರುತ್ತದೆ. ಆತಂಕಕ್ಕೆ ಕಾರಣಗಳು ಹಲವು ಇರಬಹುದು: ಹೊಡೆಯುವ ಉಪಾಧ್ಯಾಯರು, ಗೋಳು ಹೊಯ್ದುಕೊಳ್ಳುವ ಸಹಪಾಠಿಗಳು, ಮನೆಯಲ್ಲಿ ಜಗಳ. ಆದರೆ ಬಹಳ ಸಲ ಯಾರ ಗಮನಕ್ಕೂ ಬಾರದ ಕಾರಣವೊಂದುಂಟು. ತರಗತಿಯಲ್ಲಿ ದಿನವೂ ಕೊಡುವ ಕೆಲಸ ಆ ಮಗುವಿನ ಬುದ್ಧಿ ಬೆಳೆದು ನಿಂತಿರುವ ಮೆಟ್ಟಿಲಿಗೆ ಎಟುಕದೇ ಇರುವುದು. ದಿನಕ್ಕೆ ಐದಾರು ಗಂಟೆ, ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಅರ್ಥವಾಗದ ಕೆಲಸದ ಮುಂದೆ ಕುಳಿತುಕೊಳ್ಳುವುದೆಂದರೆ ದೊಡ್ಡವರಿಗೂ ಸಂಕಟವೇ. ಮಗುವಿಗೆ ಅದನ್ನು ಬಾಯಿಬಿಟ್ಟು ಹೇಳಲು ಬರುವುದಿಲ್ಲ, ಅಷ್ಟೆ.

ಹಾಗಾದರೆ ಏನು ಮಾಡಬೇಕು? ಪಾಠವನ್ನೇ ಕಡಿಮೆ ಮಾಡಬೇಕೇ? ಮಗುವನ್ನು ಹಿಂದಿನ ತರಗತಿಗೆ ಕಳಿಸಬೇಕೇ? ಬೇಡ. ಪಾಠ ಎಲ್ಲರಿಗೂ ಒಂದೇ ಇರಲಿ. ಆ ಪಾಠ ಕಲಿಯಲು ಮಾಡಿಸುವ ಚಟುವಟಿಕೆ ಮಾತ್ರ ಮಗುವಿನ ಮಟ್ಟಕ್ಕೆ ತಕ್ಕಂತೆ ಇರಲಿ. ಇದು ಉಪಾಧ್ಯಾಯರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಸಂಜೆ ಮನೆಯಲ್ಲಿ ಮಗುವಿನ ಪಕ್ಕ ಕುಳಿತು ಓದಿಸುವ ನೀವೂ ಇದನ್ನು ತಿಳಿದಿರಬೇಕು.

ವಯಸ್ಸು ಒಂದೇ, ಮಟ್ಟ ಬೇರೆ

ಒಂದನೇ ತರಗತಿಯ ಮಕ್ಕಳನ್ನೇ ನೋಡಿ. ಜೂನ್ ತಿಂಗಳಲ್ಲಿ ಹುಟ್ಟಿದ ಮಗುವೂ ಮರುವರ್ಷದ ಮೇ ತಿಂಗಳಲ್ಲಿ ಹುಟ್ಟಿದ ಮಗುವೂ ಅಕ್ಕಪಕ್ಕ ಕುಳಿತಿರುತ್ತವೆ. ಇಬ್ಬರ ನಡುವೆ 11 ತಿಂಗಳ ಅಂತರ. ನಲವತ್ತು ವರ್ಷದ ನಮಗೆ 11 ತಿಂಗಳು ಲೆಕ್ಕಕ್ಕಿಲ್ಲ. ಆರು ವರ್ಷದ ಮಗುವಿಗೆ ಅದು ಬದುಕಿನ ಹೆಚ್ಚುಕಡಿಮೆ ಆರನೇ ಒಂದು ಭಾಗ. ಹಲ್ಲು ಬೀಳುವುದರಲ್ಲಿ, ಎತ್ತರ ಬೆಳೆಯುವುದರಲ್ಲಿ ಮಕ್ಕಳು ಹಿಂದುಮುಂದಾದರೆ ನಾವು ಚಿಂತಿಸುವುದಿಲ್ಲ. ಯೋಚನಾಶಕ್ತಿಯ ಬೆಳವಣಿಗೆಯಲ್ಲಿ ಹಿಂದುಮುಂದಾದರೆ ಮಾತ್ರ ‘ದಡ್ಡ’ ಎಂಬ ಹಣೆಪಟ್ಟಿ ಅಂಟಿಸಿಬಿಡುತ್ತೇವೆ.

ವಯಸ್ಸಿನ ಅಂತರವಲ್ಲದೆ ಬೇರೆ ಕಾರಣಗಳೂ ಇವೆ. ಒಂದು ಮನೆಯಲ್ಲಿ ಮಗುವಿಗೆ ಕಥೆ ಹೇಳುವವರು, ಚಿತ್ರದ ಪುಸ್ತಕ ತೋರಿಸುವವರು ಇರುತ್ತಾರೆ. ಇನ್ನೊಂದು ಮನೆಯಲ್ಲಿ ಎಲ್ಲರೂ ಬೆಳಗಾದರೆ ಕೂಲಿಗೆ ಹೊರಟುಬಿಡುತ್ತಾರೆ. ಮನೆಯ ಮಾತು ತುಳುವೋ ಲಂಬಾಣಿಯೋ ಉರ್ದುವೋ ಆಗಿರುವ ಮಗು ಶಾಲೆಯಲ್ಲಿ ಮೊದಲು ಭಾಷೆ ಕಲಿಯಬೇಕು, ಆಮೇಲೆ ಪಾಠ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯಂತೆ, ಶಾಲೆಯಿಂದ ಹೊರಗುಳಿದಿದ್ದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಇದು ಒಳ್ಳೆಯ ನಿಯಮ. ಆದರೆ ಒಂದೇ ಕೋಣೆಯಲ್ಲಿ ಹಲವು ಮಟ್ಟದ ಮಕ್ಕಳು ಇರುವುದು ಇದರಿಂದ ಸಹಜವಾಗುತ್ತದೆ.

ಬುದ್ಧಿಶಕ್ತಿಯನ್ನು ಅಳೆಯುವ ಪರೀಕ್ಷೆಗಳು ಹುಟ್ಟಿದ್ದೂ ಮಕ್ಕಳನ್ನು ಹೊರಹಾಕುವುದಕ್ಕಲ್ಲ, ಸಹಾಯ ಮಾಡುವುದಕ್ಕೆ. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸೈಮನ್ ಎಂಬುವರು, ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲು ಮೊದಲ ಬುದ್ಧಿಮಾಪನ ಪರೀಕ್ಷೆಯನ್ನು ರೂಪಿಸಿದರು. ಬುದ್ಧಿ ಎಂಬುದು ಹುಟ್ಟಿನಲ್ಲೇ ನಿಗದಿಯಾದ ಬದಲಾಗದ ವಸ್ತು ಎಂಬ ಮಾತನ್ನು ಸ್ವತಃ ಬಿನೆ ಒಪ್ಪಿರಲಿಲ್ಲ. ಈ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿದವರು ವಿ.ವಿ. ಕಾಮತ್. 1934ರಲ್ಲಿ ಅವರು ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರು ಮನಶ್ಶಾಸ್ತ್ರಜ್ಞರ ಬಳಿ ಮಗುವನ್ನು ಕರೆದೊಯ್ದಿರುವ ಅನೇಕ ಪಾಲಕರಿಗೆ ಪರಿಚಿತ.

ಎರಡು ಲೋಟ ನೀರು

ಮಗುವಿನ ಯೋಚನೆ ಹಂತ ಹಂತವಾಗಿ ಬೆಳೆಯುತ್ತದೆ ಎಂದು ವಿವರವಾಗಿ ತೋರಿಸಿಕೊಟ್ಟವರು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896-1980). ಅವರ ಪ್ರಸಿದ್ಧ ಪ್ರಯೋಗವನ್ನು ನೀವು ನಿಮ್ಮ ಅಡಿಗೆಮನೆಯಲ್ಲೇ ಮಾಡಿ ನೋಡಬಹುದು.

ಒಂದೇ ಅಳತೆಯ ಎರಡು ಗಾಜಿನ ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ನಾಲ್ಕೈದು ವರ್ಷದ ಮಗುವಿಗೆ ತೋರಿಸಿ. ಎರಡರಲ್ಲೂ ಒಂದೇ ಸಮ ಇದೆ ಎಂದು ಅದು ಒಪ್ಪಲಿ. ಈಗ ಅದರ ಕಣ್ಣೆದುರಿಗೇ ಒಂದು ಲೋಟದ ನೀರನ್ನು ಉದ್ದನೆಯ, ಸಪೂರ ಲೋಟಕ್ಕೆ ಸುರಿಯಿರಿ. ‘ಯಾವುದರಲ್ಲಿ ಹೆಚ್ಚು ನೀರಿದೆ?’ ಎಂದು ಕೇಳಿ. ಈ ವಯಸ್ಸಿನ ಬಹುಪಾಲು ಮಕ್ಕಳು ಉದ್ದ ಲೋಟವನ್ನೇ ತೋರಿಸುತ್ತಾರೆ. ಅವರ ಕಣ್ಣು ಎತ್ತರವನ್ನು ಮಾತ್ರ ನೋಡುತ್ತದೆ, ಅಗಲ ಕಡಿಮೆಯಾದದ್ದನ್ನು ಜೊತೆಯಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಂಟು ವರ್ಷದ ಅಕ್ಕ ಪಕ್ಕದಲ್ಲಿದ್ದರೆ ನಗುತ್ತಾಳೆ: ‘ಅದೇ ನೀರು ತಾನೆ? ವಾಪಸ್ ಸುರಿದರೆ ಅಷ್ಟೇ ಇರುತ್ತೆ’ ಎನ್ನುತ್ತಾಳೆ.

ತಮ್ಮ ದಡ್ಡನೂ ಅಲ್ಲ, ಅಕ್ಕ ಮಹಾ ಜಾಣೆಯೂ ಅಲ್ಲ. ಇಬ್ಬರೂ ಬೇರೆ ಬೇರೆ ಮೆಟ್ಟಿಲ ಮೇಲೆ ನಿಂತಿದ್ದಾರೆ. ತಮ್ಮನಿಗೆ ಹತ್ತು ಸಲ ವಿವರಿಸಿದರೂ, ಗದರಿದರೂ ಅದು ತಲೆಗೆ ಹೋಗುವುದಿಲ್ಲ. ತಾನೇ ನೂರು ಸಲ ನೀರು ಸುರಿದಾಡಿ, ಚೆಲ್ಲಿ, ಅಳೆದು ನೋಡಿದ ಮೇಲೆ ಒಂದು ದಿನ ತಾನಾಗಿ ಹೊಳೆಯುತ್ತದೆ.

ಪಿಯಾಜೆ ಹೇಳಿದ ಹಂತಗಳು ಸ್ಥೂಲವಾಗಿ ಹೀಗಿವೆ:

1. ಹುಟ್ಟಿನಿಂದ 2 ವರ್ಷ: ಮುಟ್ಟಿ, ಹಿಡಿದು, ಬಾಯಿಗಿಟ್ಟು ತಿಳಿಯುವ ಕಾಲ.

2. 2ರಿಂದ 7 ವರ್ಷ: ಮಾತು ಬಂದಿದೆ, ಕಲ್ಪನೆ ಬಂದಿದೆ. ಕೋಲು ಕುದುರೆಯಾಗುತ್ತದೆ. ಆದರೆ ಒಂದು ಸಲಕ್ಕೆ ಒಂದೇ ಗುಣದ ಕಡೆ ಗಮನ.

3. 7ರಿಂದ 11 ವರ್ಷ: ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳ ಬಗ್ಗೆ ತರ್ಕಬದ್ಧವಾಗಿ ಯೋಚಿಸಬಲ್ಲರು.

4. 11-12 ವರ್ಷದ ನಂತರ: ಕಣ್ಣಿಗೆ ಕಾಣದ್ದನ್ನೂ, ‘ಹೀಗಾಗಿದ್ದರೆ ಏನಾಗುತ್ತಿತ್ತು’ ಎಂಬುದನ್ನೂ ಯೋಚಿಸುವ ಶಕ್ತಿ ಬೆಳೆಯತೊಡಗುತ್ತದೆ.

ಇಲ್ಲಿ ಎರಡು ಎಚ್ಚರಿಕೆ ಅಗತ್ಯ. ಮೊದಲನೆಯದು, ಈ ವಯಸ್ಸುಗಳು ಗೆರೆ ಕೊರೆದಂತಲ್ಲ. ನಂತರದ ಸಂಶೋಧನೆಗಳ ಪ್ರಕಾರ ಪ್ರಶ್ನೆ ಮಗುವಿಗೆ ಪರಿಚಿತವಾದ ರೀತಿಯಲ್ಲಿದ್ದರೆ ಚಿಕ್ಕವರೂ ಹೆಚ್ಚಿನದನ್ನು ಮಾಡಬಲ್ಲರು. ಅಲ್ಲದೆ ಒಂದೇ ಮಗು ಲೆಕ್ಕದಲ್ಲಿ ಒಂದು ಹಂತದಲ್ಲೂ ಕಥೆ ಹೇಳುವುದರಲ್ಲಿ ಇನ್ನೊಂದು ಹಂತದಲ್ಲೂ ಇರಬಹುದು. ಎರಡನೆಯದು, ನಾಲ್ಕನೇ ಹಂತಕ್ಕೆ ಎಲ್ಲ ಮಕ್ಕಳೂ ಹೈಸ್ಕೂಲಿನಲ್ಲೇ ಏರಿಬಿಡುತ್ತಾರೆ ಎಂದು ಭಾವಿಸಬಾರದು. 1970ರ ದಶಕದಲ್ಲಿ ಇಂಗ್ಲೆಂಡಿನ ಶಾಲೆಗಳಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ, 14 ವರ್ಷದವರಲ್ಲಿ ಸ್ವಲ್ಪ ಭಾಗ ಮಾತ್ರ ಆ ರೀತಿಯ ಅಮೂರ್ತ ಯೋಚನೆಯನ್ನು ತೋರಿಸಿದರು. ಒಂಬತ್ತನೇ ತರಗತಿಯ ಹುಡುಗನಿಗೆ ಬೀಜಗಣಿತದ ‘ಎಕ್ಸ್’ ಏನೆಂದೇ ಹೊಳೆಯದಿದ್ದರೆ ಅದು ಸೋಮಾರಿತನವೇ ಆಗಿರಬೇಕಾಗಿಲ್ಲ.

ಕೈ, ಚಿತ್ರ, ಅಂಕಿ

ಹಾಗಾದರೆ ಒಂದೇ ಪಾಠವನ್ನು ಹಲವು ಮಟ್ಟಕ್ಕೆ ಹೊಂದಿಸುವುದು ಹೇಗೆ? ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಒಂದು ಸರಳ ದಾರಿ ತೋರಿಸಿದರು. ಯಾವುದೇ ವಿಷಯವನ್ನು ಮೊದಲು ಕೈಯಿಂದ ಮಾಡಿ, ನಂತರ ಚಿತ್ರದಲ್ಲಿ ನೋಡಿ, ಕೊನೆಗೆ ಅಕ್ಷರ ಅಥವಾ ಅಂಕಿಯ ಮೂಲಕ ತಿಳಿಯಬಹುದು. ನಮ್ಮ ತರಗತಿಗಳಲ್ಲಿ ಬಹುಮಟ್ಟಿಗೆ ನಡೆಯುವುದು ಮೂರನೆಯದು ಮಾತ್ರ. ಹಲಗೆಯ ಮೇಲೆ ಅಂಕಿ, ಪುಸ್ತಕದಲ್ಲಿ ಅಂಕಿ, ಮನೆಗೆಲಸದಲ್ಲೂ ಅಂಕಿ.

ಎರಡು-ಮೂರನೇ ತರಗತಿಯ ಮಕ್ಕಳನ್ನು ಅಳಿಸುವ ಒಂದು ಲೆಕ್ಕ ತೆಗೆದುಕೊಳ್ಳಿ. 42ರಲ್ಲಿ 17 ಕಳೆಯಬೇಕು. ‘ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಸಾಲ ತಾ’ ಎಂದು ಹೇಳಿಕೊಡುತ್ತೇವೆ. ಪಕ್ಕದ ಮನೆ ಯಾವುದು, ಒಂದು ಸಾಲ ತಂದರೆ ಅದು ಹತ್ತು ಹೇಗಾಯಿತು ಎಂಬುದು ಮಗುವಿಗೆ ತಿಳಿಯುವುದಿಲ್ಲ. ಅದು ಏಳರಲ್ಲಿ ಎರಡು ಕಳೆದು 35 ಎಂದು ಬರೆದುಬಿಡುತ್ತದೆ. ಇದೇ ಲೆಕ್ಕವನ್ನು ಹೀಗೆ ಮಾಡಿಸಬಹುದು:

ಮೊದಲ ಮೆಟ್ಟಿಲಿನವರಿಗೆ: ತೆಂಗಿನ ಪೊರಕೆಯ ಕಡ್ಡಿಗಳನ್ನು ಒಂದೇ ಅಳತೆಗೆ ಮುರಿದು, ಹತ್ತು ಹತ್ತರ ಕಟ್ಟು ಕಟ್ಟಿ. ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಮಗುವಿನ ಮುಂದಿಡಿ. ‘ನನಗೆ 17 ಕಡ್ಡಿ ಕೊಡು’ ಎನ್ನಿ. ಬಿಡಿಯಾಗಿ ಏಳು ಕೊಡಬೇಕು, ಇರುವುದು ಎರಡೇ. ಮಗು ಯೋಚಿಸುತ್ತದೆ, ಒಂದು ಕಟ್ಟು ಬಿಚ್ಚುತ್ತದೆ. ಈಗ ಬಿಡಿ ಕಡ್ಡಿ ಹನ್ನೆರಡಾಯಿತು. ಏಳು ಕೊಟ್ಟರೆ ಐದು ಉಳಿಯಿತು. ಮೂರು ಕಟ್ಟಿನಲ್ಲಿ ಒಂದು ಕೊಟ್ಟರೆ ಎರಡು ಉಳಿಯಿತು. 25. ‘ಸಾಲ’ ಎಂದರೆ ಕಟ್ಟು ಬಿಚ್ಚುವುದು ಎಂದು ಬೆರಳುಗಳಿಗೇ ತಿಳಿಯಿತು.

ಎರಡನೇ ಮೆಟ್ಟಿಲಿನವರಿಗೆ: ಕಡ್ಡಿ ಬೇಡ. ಸ್ಲೇಟಿನ ಮೇಲೆ ಹತ್ತಕ್ಕೆ ಒಂದು ಉದ್ದ ಗೆರೆ, ಬಿಡಿಗೆ ಚುಕ್ಕೆ ಹಾಕಲಿ. ಒಂದು ಗೆರೆ ಅಳಿಸಿ ಹತ್ತು ಚುಕ್ಕೆ ಇಡಲಿ.

ಮೂರನೇ ಮೆಟ್ಟಿಲಿನವರಿಗೆ: ಅಂಕಿಯಲ್ಲೇ ಮಾಡಲಿ. ಆದರೆ ಏಕೆ ಹಾಗೆ ಮಾಡಿದೆ ಎಂದು ಬಾಯಿಬಿಟ್ಟು ಹೇಳಲಿ.

ಇನ್ನೂ ಮುಂದಿರುವವರಿಗೆ: ಇದೇ ಲೆಕ್ಕಕ್ಕೆ ಬೇರೆ ದಾರಿ ಹುಡುಕಲಿ. 42ರಲ್ಲಿ 20 ಕಳೆದು 3 ಕೂಡಿದರೂ 25 ಬರುತ್ತದೆ ಎಂದು ಕಂಡುಕೊಳ್ಳುವ ಮಕ್ಕಳಿದ್ದಾರೆ. ಅಥವಾ ಸಂತೆಯ ಒಂದು ಸಮಸ್ಯೆಯನ್ನು ತಾವೇ ಕಟ್ಟಲಿ.

ಗಮನಿಸಿ. ನಾಲ್ಕೂ ಗುಂಪಿಗೆ ಲೆಕ್ಕ ಒಂದೇ, ಉತ್ತರವೂ ಒಂದೇ. ಕೊನೆಗೆ ಎಲ್ಲರೂ ಒಟ್ಟಿಗೆ ಕುಳಿತು 25 ಹೇಗೆ ಬಂತು ಎಂದು ಹೇಳಬಹುದು. ಯಾವ ಮಗುವಿಗೂ ‘ನಿನಗೆ ಇದು ಆಗುವುದಿಲ್ಲ, ನೀನು ಮೂಲೆಯಲ್ಲಿ ಕಾಪಿ ಬರೆ’ ಎಂದು ಹೇಳಿದಂತಾಗಲಿಲ್ಲ.

ಭಾಷಾ ಪಾಠಕ್ಕೂ ಇದು ಅನ್ವಯಿಸುತ್ತದೆ. ಬಾಯಾರಿದ ಕಾಗೆ ಹೂಜಿಯಲ್ಲಿ ಕಲ್ಲು ಹಾಕಿ ನೀರು ಕುಡಿದ ಕಥೆ ಎಲ್ಲರಿಗೂ ಗೊತ್ತು. ಚಿಕ್ಕ ಮಟ್ಟದವರು ಅದನ್ನು ಆಡಿ ತೋರಿಸಲಿ, ಅರ್ಧ ತುಂಬಿದ ಲೋಟಕ್ಕೆ ನಿಜವಾಗಿ ಕಲ್ಲು ಹಾಕಿ ನೋಡಲಿ. ಅವರಿಗಿಂತ ಮುಂದಿರುವವರು ಐದು ಚಿತ್ರಗಳನ್ನು ಕ್ರಮವಾಗಿ ಜೋಡಿಸಿ ಕಥೆ ಹೇಳಲಿ. ಇನ್ನೂ ಮುಂದಿರುವವರಿಗೆ ‘ನೀರು ಮೇಲೆ ಬಂದದ್ದು ಏಕೆ? ಹೂಜಿಯ ತಳದಲ್ಲಿ ಒಂದೇ ಹನಿ ಇದ್ದಿದ್ದರೆ? ಕಲ್ಲಿನ ಬದಲು ಹತ್ತಿ ಹಾಕಿದ್ದರೆ?’ ಎಂದು ಕೇಳಿ. ಒಂದೇ ಕಥೆ ಮೂರು ಮಟ್ಟಕ್ಕೂ ಊಟ ಬಡಿಸಿತು.

ಸೈಕಲ್ ಹಿಡಿದುಕೊಂಡಂತೆ

ಮೆಟ್ಟಿಲಿಗೆ ತಕ್ಕ ಕೆಲಸ ಎಂದರೆ ಸುಲಭವಾದ ಕೆಲಸ ಎಂದರ್ಥವಲ್ಲ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್ಸ್ಕಿ (1896-1934) ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಮಗು ಒಬ್ಬಂಟಿಯಾಗಿ ಮಾಡಬಲ್ಲ ಕೆಲಸಗಳಿವೆ. ಯಾರ ಸಹಾಯವಿದ್ದರೂ ಈಗ ಮಾಡಲಾರದ ಕೆಲಸಗಳಿವೆ. ಇವೆರಡರ ನಡುವೆ, ಬಲ್ಲವರೊಬ್ಬರು ಸ್ವಲ್ಪ ಕೈಗೊಟ್ಟರೆ ಮಾಡಬಲ್ಲ ಕೆಲಸಗಳಿವೆ. ಕಲಿಕೆ ನಡೆಯುವುದು ಈ ನಡುವಿನ ಜಾಗದಲ್ಲಿ.

ಸೈಕಲ್ ಕಲಿಸುವಾಗ ಅಪ್ಪ ಸೀಟು ಹಿಡಿದು ಹಿಂದೆ ಓಡುತ್ತಾರಲ್ಲ, ಹಾಗೆ. ಮೊದಲು ಗಟ್ಟಿಯಾಗಿ ಹಿಡಿಯುತ್ತಾರೆ, ಆಮೇಲೆ ಸಡಿಲಿಸುತ್ತಾರೆ, ಒಂದು ಗಳಿಗೆಯಲ್ಲಿ ಮಗುವಿಗೆ ತಿಳಿಯದಂತೆ ಬಿಟ್ಟೇಬಿಡುತ್ತಾರೆ. ಮೊದಲೇ ಬಿಟ್ಟರೆ ಮಗು ಬೀಳುತ್ತದೆ. ಬಿಡದೇ ಹೋದರೆ ಎಂದೂ ಕಲಿಯುವುದಿಲ್ಲ. ಮನೆಗೆಲಸವನ್ನು ತಾವೇ ಮಾಡಿಕೊಡುವ ತಾಯಂದಿರು ಸೀಟು ಬಿಡದ ಅಪ್ಪನಂತೆ.

ನಮ್ಮಲ್ಲೇ ಇರುವ ಮಾದರಿ

ನಲವತ್ತು ಮಕ್ಕಳ ತರಗತಿಯಲ್ಲಿ ಇದೆಲ್ಲ ಸಾಧ್ಯವೇ ಎಂದು ನೀವು ಕೇಳಬಹುದು. ಕರ್ನಾಟಕದಲ್ಲೇ ಇದಕ್ಕೆ ಉತ್ತರವಿದೆ. ಆಂಧ್ರಪ್ರದೇಶದ ರಿಷಿ ವ್ಯಾಲಿ ಶಾಲೆಯವರು ಸುತ್ತಲ ಹಳ್ಳಿಗಳ ಮಕ್ಕಳಿಗೆಂದು, ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಾರ್ಡುಗಳ ಮೂಲಕ ಕಲಿಸುವ ಕ್ರಮವನ್ನು ಬೆಳೆಸಿದ್ದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ ತಮ್ಮ ಶಾಲೆಗಳಿಗೆ ಹೊಂದುವಂತೆ ಅದನ್ನು ಮಾರ್ಪಡಿಸಿದರು. ಅದೇ ‘ನಲಿ-ಕಲಿ’. 2009-10ರಲ್ಲಿ ಇದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ವಿಸ್ತರಿಸಲಾಯಿತು.

ನಲಿ-ಕಲಿ ಕೋಣೆಯಲ್ಲಿ ಸಾಲು ಬೆಂಚುಗಳಿಲ್ಲ. ಮಕ್ಕಳು ಐದು ಗುಂಪುಗಳಲ್ಲಿ ನೆಲದ ಮೇಲೆ ದುಂಡಗೆ ಕುಳಿತಿರುತ್ತಾರೆ. ಇವಕ್ಕೆ ‘ತಟ್ಟೆ’ ಎಂದು ಹೆಸರು. ಒಂದು ತಟ್ಟೆಯವರಿಗೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಭಾಗಶಃ ಬೆಂಬಲ. ಎರಡು ತಟ್ಟೆಗಳಲ್ಲಿ ಸಹಪಾಠಿಗಳೇ ಪೂರ್ಣವಾಗಿ ಅಥವಾ ಭಾಗಶಃ ನೆರವಾಗುತ್ತಾರೆ. ಐದನೆಯ ತಟ್ಟೆಯಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ. ಒಂದು ಮೈಲಿಗಲ್ಲು ಮುಗಿಸಿದ ಮಗು ಮುಂದಿನದಕ್ಕೆ ಹೋಗುತ್ತದೆ. ಜ್ವರ ಬಂದು ಹದಿನೈದು ದಿನ ಶಾಲೆಗೆ ಬಾರದಿದ್ದರೆ, ಬಿಟ್ಟ ಜಾಗದಿಂದಲೇ ಶುರು ಮಾಡುತ್ತದೆ. ಮಗು ಒಂದೇ ತಟ್ಟೆಗೆ ಅಂಟಿಕೊಂಡಿರುವುದಿಲ್ಲ, ಕೆಲಸ ಬದಲಾದಂತೆ ತಟ್ಟೆಯೂ ಬದಲಾಗುತ್ತದೆ. ಇದು ಬಹಳ ಮುಖ್ಯ. ‘ಜಾಣರ ಬೆಂಚು, ದಡ್ಡರ ಬೆಂಚು’ ಎಂದು ವರ್ಷವಿಡೀ ಕೂರಿಸುವುದಕ್ಕೂ ಇದಕ್ಕೂ ಅಜಗಜಾಂತರ. ಶಿಕ್ಷಕರ ಕೊರತೆ, ಕಾರ್ಡುಗಳ ಕೊರತೆ ಇರುವ ಕಡೆ ಇದು ಸೊರಗುವುದೂ ಉಂಟು. ಆದರೆ ಹಳ್ಳಿಯ ಸಾಮಾನ್ಯ ಶಾಲೆಯಲ್ಲೇ ಇದನ್ನು ಮಾಡಬಹುದು ಎಂಬುದಂತೂ ಸಾಬೀತಾಗಿದೆ.

ಮೊದಲು ದೇಹವನ್ನು ನೋಡಿ

ಮಗು ತರಗತಿಯಲ್ಲಿ ಹಿಂದುಳಿದಿದೆ ಎಂದಾಗ ಬುದ್ಧಿಯ ಮೇಲೆ ತಪ್ಪು ಹೊರಿಸುವ ಮುನ್ನ ಈ ಕೆಳಗಿನವನ್ನು ಪರೀಕ್ಷಿಸಿಕೊಳ್ಳಿ. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆ ಸುಲಭ.

ಕಣ್ಣು: ಹಲಗೆಯ ಅಕ್ಷರ ಕಾಣದ ಮಗು ತನಗೆ ಕಾಣುತ್ತಿಲ್ಲ ಎಂದು ಹೇಳುವುದಿಲ್ಲ. ಎಲ್ಲರಿಗೂ ಹಾಗೇ ಕಾಣುತ್ತದೆ ಎಂದೇ ಅದು ತಿಳಿದಿರುತ್ತದೆ.

ಕಿವಿ: ಪದೇ ಪದೇ ನೆಗಡಿಯಾಗುವ, ಕಿವಿ ಸೋರುವ ಮಕ್ಕಳಲ್ಲಿ ಕೇಳುವ ಶಕ್ತಿ ಏರಿಳಿಯುತ್ತದೆ. ಕರೆದರೆ ತಿರುಗದ ಮಗುವನ್ನು ಮೊಂಡು ಎನ್ನಬೇಡಿ.

ರಕ್ತಹೀನತೆ: ಕಬ್ಬಿಣಾಂಶ ಕಡಿಮೆಯಾದರೆ ಗಮನ ಕುಗ್ಗುತ್ತದೆ, ಬೇಗ ಸುಸ್ತಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 67ರಷ್ಟು ರಕ್ತಹೀನತೆಯಿಂದ ಬಳಲುತ್ತಿದ್ದರು. ಜಂತುಹುಳು ಇದನ್ನು ಹೆಚ್ಚಿಸುತ್ತದೆ.

ಥೈರಾಯ್ಡ್: ಈ ಗ್ರಂಥಿಯ ಸ್ರಾವ ಕಡಿಮೆಯಾದರೆ ಮಗು ಮಂಕಾಗುತ್ತದೆ, ಎತ್ತರ ಬೆಳೆಯುವುದು ನಿಧಾನವಾಗುತ್ತದೆ.

ಕ್ಷಣಿಕ ಮೂರ್ಛೆ: ಒಂದು ಬಗೆಯ ಮೂರ್ಛೆರೋಗದಲ್ಲಿ ಮಗು ಬೀಳುವುದಿಲ್ಲ, ಕೈಕಾಲು ಒದರುವುದಿಲ್ಲ. ಕೆಲವು ಸೆಕೆಂಡು ಶೂನ್ಯದೃಷ್ಟಿಯಿಂದ ನೋಡುತ್ತಾ ನಿಂತುಬಿಡುತ್ತದೆ. ದಿನಕ್ಕೆ ಹಲವು ಸಲ ಹೀಗಾದರೆ ಪಾಠದ ಎಳೆಯೇ ತಪ್ಪುತ್ತದೆ. ಹಗಲುಗನಸು ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ.

ನಿದ್ರೆ: 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ರೆ ಬೇಕು. ರಾತ್ರಿ ಹನ್ನೊಂದರವರೆಗೆ ಟಿ.ವಿ., ಮೊಬೈಲ್ ನೋಡಿದ ಮಗು ಬೆಳಿಗ್ಗೆ ತರಗತಿಯಲ್ಲಿ ಏನು ಕಲಿತೀತು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಶಾಲೆ ಮತ್ತು ಅಂಗನವಾಡಿಗಳಲ್ಲಿ ವೈದ್ಯರ ತಂಡ ಮಕ್ಕಳ ತಪಾಸಣೆ ನಡೆಸುತ್ತದೆ. ಅಂದು ನಿಮ್ಮ ಮಗು ಶಾಲೆ ತಪ್ಪಿಸದಂತೆ ನೋಡಿಕೊಳ್ಳಿ.

ನಿಧಾನ ಬೇರೆ, ಓದುವ ತೊಡಕು ಬೇರೆ

ಕೆಲವು ಮಕ್ಕಳಲ್ಲಿ ಬುದ್ಧಿಶಕ್ತಿ ಸರಿಯಾಗಿಯೇ ಇರುತ್ತದೆ. ಬಾಯಿಮಾತಿನಲ್ಲಿ ಕೇಳಿದರೆ ಚುರುಕಾಗಿ ಉತ್ತರಿಸುತ್ತಾರೆ. ಓದಲು, ಬರೆಯಲು ಅಥವಾ ಲೆಕ್ಕ ಮಾಡಲು ಮಾತ್ರ ವಿಪರೀತ ಕಷ್ಟ. ಇದು ನಿರ್ದಿಷ್ಟ ಕಲಿಕಾ ನ್ಯೂನತೆ. ಇನ್ನು ಕೆಲವರಲ್ಲಿ ಮಾತು, ನಡಿಗೆ, ತಿಳಿವಳಿಕೆ ಎಲ್ಲವೂ ಚಿಕ್ಕಂದಿನಿಂದಲೇ ತಡವಾಗಿರುತ್ತದೆ. ಇದು ಬೌದ್ಧಿಕ ಅಸಾಮರ್ಥ್ಯವಿರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಇವೆರಡೂ ಸೇರಿವೆ.

ಇಂತಹ ಮಗುವಿಗೂ ತರಗತಿಯ ಪಾಠದಲ್ಲಿ ಪಾಲು ಕೊಡಬಹುದು. ಇಡೀ ತರಗತಿ ಹಣದ ಲೆಕ್ಕ ಮಾಡುತ್ತಿದೆ ಎನ್ನಿ. ಬೌದ್ಧಿಕ ಅಸಾಮರ್ಥ್ಯವಿರುವ ಮಗು ಹತ್ತರ ನೋಟು ಯಾವುದು, ಇಪ್ಪತ್ತರದು ಯಾವುದು ಎಂದು ಗುರುತಿಸುವುದನ್ನು ಕಲಿಯಲಿ. ತರಗತಿಯ ಆಟದ ಅಂಗಡಿಯಲ್ಲಿ ಅದೂ ಗಿರಾಕಿಯಾಗಲಿ. ನಾಳೆ ಬೀದಿಯ ಅಂಗಡಿಗೆ ಹೋಗಿ ತಾನೇ ಬಿಸ್ಕತ್ತು ತರುವುದಕ್ಕೆ ಈ ಪಾಠ ಬೇಕು. ಓದುವ ತೊಡಕಿರುವ ಮಗುವಿಗೆ ಪ್ರಶ್ನೆಯನ್ನು ಓದಿ ಹೇಳಿ, ಉತ್ತರವನ್ನು ಬಾಯಿಯಲ್ಲಿ ಕೇಳಿ.

ಮಾರುಕಟ್ಟೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರಕ್ಕೆ ಕುಳಿತ ಮಕ್ಕಳ ಬಗ್ಗೆ 2025ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ತೂಕ, ಬೆಲೆ, ಚಿಲ್ಲರೆಯ ಲೆಕ್ಕವನ್ನು ಬಾಯಲ್ಲೇ ಸರಿಯಾಗಿ ಮಾಡುತ್ತಿದ್ದ ಈ ಮಕ್ಕಳು ಶಾಲೆಯ ರೀತಿಯಲ್ಲಿ ಕಾಗದದ ಮೇಲೆ ಕೊಟ್ಟ ಅದಕ್ಕಿಂತ ಸರಳ ಲೆಕ್ಕಗಳಲ್ಲಿ ಎಡವಿದರು. ಶಾಲೆಯಲ್ಲಿ ಮಾತ್ರ ಕಲಿತ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಎಡವಿದರು. ಆದ್ದರಿಂದ ಪರೀಕ್ಷೆಯ ಅಂಕ ನೋಡಿ ‘ಇವನಿಗೆ ಲೆಕ್ಕ ಬರುವುದಿಲ್ಲ’ ಎಂದು ತೀರ್ಮಾನಿಸಬೇಡಿ. ಯಾವ ರೂಪದಲ್ಲಿ ಬರುತ್ತದೆ ಎಂದು ಹುಡುಕಿ, ಅಲ್ಲಿಂದ ಸೇತುವೆ ಕಟ್ಟಿ.

ಪಾಲಕರ ಸಂದೇಹಗಳು

ಪ್ರಶ್ನೆ: ಮೂರನೇ ತರಗತಿಯ ಮಗ ಇನ್ನೂ ಬೆರಳೆಣಿಸಿ ಲೆಕ್ಕ ಮಾಡುತ್ತಾನೆ. ಬಿಡಿಸಬೇಕೇ?

ಉತ್ತರ: ಬೆರಳನ್ನು ಹೊಡೆದು ಬಿಡಿಸಬೇಡಿ. ಅದು ಅವನ ಮೆಟ್ಟಿಲು. ಬೆರಳಿನ ಜೊತೆಗೆ ಹುಣಸೆಬೀಜ, ಕಡ್ಡಿಯ ಕಟ್ಟು, ಗೆರೆ-ಚುಕ್ಕೆ ಇವುಗಳನ್ನು ಅಭ್ಯಾಸ ಮಾಡಿಸಿ. ಚಿತ್ರ ಮನಸ್ಸಿನಲ್ಲಿ ಮೂಡಿದ ಮೇಲೆ ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ನಾಲ್ಕನೇ ತರಗತಿಯ ಹೊತ್ತಿಗೂ ಚಿಕ್ಕ ಸಂಖ್ಯೆಗಳಿಗೆ ಬೆರಳೇ ಬೇಕಾದರೆ ತಜ್ಞರ ಸಲಹೆ ಪಡೆಯಿರಿ.

ಪ್ರಶ್ನೆ: ಮಗಳು ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಮುಗಿಸಿ ಗಲಾಟೆ ಮಾಡುತ್ತಾಳೆ ಎಂದು ದೂರು ಬರುತ್ತದೆ.

ಉತ್ತರ: ಅವಳಿಗೂ ಮಟ್ಟಕ್ಕೆ ತಕ್ಕ ಕೆಲಸ ಸಿಗುತ್ತಿಲ್ಲ. ಅದೇ ತರಹದ ಇನ್ನೂ ಇಪ್ಪತ್ತು ಲೆಕ್ಕ ಕೊಡುವುದು ಬಹುಮಾನವಲ್ಲ, ಶಿಕ್ಷೆ. ಅವಳಿಗೆ ಹೆಚ್ಚು ಆಳದ ಪ್ರಶ್ನೆ ಬೇಕು. ಇತರರಿಗೆ ಹೇಳಿಕೊಡುವುದೂ ಒಳ್ಳೆಯದೇ, ಆದರೆ ದಿನವಿಡೀ ಮಾನಿಟರ್ ಕೆಲಸವೇ ಆಗಬಾರದು.

ಪ್ರಶ್ನೆ: ಚಟುವಟಿಕೆ ಸುಲಭ ಮಾಡಿದರೆ ಮಗು ಶಾಶ್ವತವಾಗಿ ಹಿಂದುಳಿಯುವುದಿಲ್ಲವೇ?

ಉತ್ತರ: ಸುಲಭದಲ್ಲೇ ನಿಲ್ಲಿಸಿದರೆ ಹಿಂದುಳಿಯುತ್ತದೆ. ಅದಕ್ಕಾಗಿಯೇ ಎರಡು-ಮೂರು ವಾರಕ್ಕೊಮ್ಮೆ ಮುಂದಿನ ಮೆಟ್ಟಿಲಿನ ಕೆಲಸ ಕೊಟ್ಟು ನೋಡಬೇಕು. ಹತ್ತರಲ್ಲಿ ಏಳೆಂಟು ತಾನೇ ಮಾಡಿದರೆ ಮೇಲಕ್ಕೆ ಏರಿಸಿ. ಎರಡು ಮೂರು ಮಾತ್ರ ಬಂದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಇಳಿಯುವುದು ಅವಮಾನವಲ್ಲ.

ಪ್ರಶ್ನೆ: ಉಪಾಧ್ಯಾಯರ ಬಳಿ ಇದನ್ನು ಹೇಗೆ ಮಾತನಾಡುವುದು? ತಪ್ಪು ತಿಳಿದುಕೊಳ್ಳುವುದಿಲ್ಲವೇ?

ಉತ್ತರ: ‘ನೀವು ಸರಿಯಾಗಿ ಕಲಿಸುತ್ತಿಲ್ಲ’ ಎಂದು ಶುರು ಮಾಡಿದರೆ ಖಂಡಿತ ತಪ್ಪು ತಿಳಿಯುತ್ತಾರೆ. ‘ಮೇಷ್ಟ್ರೇ, ಕಡ್ಡಿ ಕಟ್ಟಿಕೊಂಡು ಮಾಡಿದರೆ ಇವನಿಗೆ ಬರುತ್ತದೆ, ಅಂಕಿಯಲ್ಲಿ ಬರುವುದಿಲ್ಲ. ಕೆಲವು ದಿನ ಕಡ್ಡಿ ಇಟ್ಟುಕೊಂಡು ಮಾಡಲು ಬಿಡುತ್ತೀರಾ?’ ಎಂದು ಕೇಳಿ. ಮನೆಯಲ್ಲಿ ನೀವು ಕಂಡದ್ದು ಅವರಿಗೆ ಉಪಯುಕ್ತ ಮಾಹಿತಿ. ಅಷ್ಟು ಮಕ್ಕಳ ನಡುವೆ ಅವರಿಗೆ ಅದು ಕಾಣದೇ ಇರಬಹುದು.

ಪ್ರಶ್ನೆ: ತಜ್ಞರನ್ನು ಯಾವಾಗ ಕಾಣಬೇಕು?

ಉತ್ತರ: ಮಟ್ಟಕ್ಕೆ ತಕ್ಕ ಕೆಲಸ ಕೊಟ್ಟು ಮೂರು-ನಾಲ್ಕು ತಿಂಗಳಾದರೂ ಸ್ವಲ್ಪವೂ ಮುನ್ನಡೆ ಇಲ್ಲದಿದ್ದರೆ, ಮೊದಲು ಬರುತ್ತಿದ್ದದ್ದು ಈಗ ಮರೆತುಹೋಗುತ್ತಿದ್ದರೆ, ಮಗು ಶಾಲೆಗೆ ಹೋಗಲು ಪೂರ್ತಿ ನಿರಾಕರಿಸಿದರೆ, ಅಥವಾ ‘ನಾನು ಇರುವುದೇ ಬೇಡ’ ಎಂಬ ಮಾತನಾಡಿದರೆ. ಮೊದಲು ಮಕ್ಕಳ ವೈದ್ಯರನ್ನು ಕಾಣಿ. ಕೊನೆಯ ಮಾತು ಕೇಳಿಬಂದರೆ ಒಂದು ದಿನವೂ ಕಾಯಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ಬೆಂಗಳೂರಿನ ನಿಮ್ಹಾನ್ಸ್, ಮಾತು ಮತ್ತು ಶ್ರವಣದ ತೊಂದರೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನೆರವಾಗುತ್ತವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.

‘ದಡ್ಡ’ ಎಂಬ ಪದವನ್ನು ಮಗು ಬಹಳ ಬೇಗ ನಂಬುತ್ತದೆ. ನಂಬಿದ ಮೇಲೆ ಪ್ರಯತ್ನಿಸುವುದನ್ನು ಬಿಡುತ್ತದೆ. ಪ್ರಯತ್ನ ಬಿಟ್ಟ ಮಗುವಿಗೆ ನಿಜವಾಗಿಯೂ ಏನೂ ಬರದಂತಾಗುತ್ತದೆ. ಇಂದು ಸಂಜೆ ಮಗು ಪುಸ್ತಕ ಬಿಡಿಸಿದಾಗ ‘ಇಷ್ಟೂ ಬರುವುದಿಲ್ಲವೇ?’ ಎಂದು ಕೇಳುವ ಬದಲು ‘ಇದರಲ್ಲಿ ಎಲ್ಲಿಯವರೆಗೆ ಬರುತ್ತದೆ, ತೋರಿಸು’ ಎಂದು ಕೇಳಿ. ಅದು ಬೆರಳಿಟ್ಟು ತೋರಿಸಿದ ಜಾಗದಿಂದ ಪಾಠ ಶುರು ಮಾಡಿ.